ಶ್ರುತಿಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ: ಮನೆಯಲ್ಲಿ ಕೂತು ಮಾಡುವ ಎಲೆಕ್ಟ್ರಾನಿಕ್ ಸಂಗೀತ

(ನಮ್ಮೂರಿನ ಸಂಗೀತಾಸಕ್ತರ ಎದುರು ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಸಭೆಯಲ್ಲಿ ಲ್ಯಾಪ್‌ಟಾಪಿನಿಂದ ಕೇಳಿಸಿದ ನಾದಗಳನ್ನು ಇಲ್ಲಿ ಕೇಳಿಸಲಾಗದ ಕಾರಣ ಆಯಾ ಜಾಗದಲ್ಲಿ ವಿವರಣೆಯನ್ನು ತುಸು ಹಿಗ್ಗಿಸಿದ್ದೇನೆ.)

ಹಿರಿಯರೆ, ಗೆಳೆಯರೆ,

ಎಲೆಕ್ಟ್ರಾನಿಕ್ ಸಂಗೀತವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಣಪತಿ ಮೆರವಣಿಗೆಯ ಡಿಜೆ, ಇಲ್ಲವೇ ಸಿನಿಮಾ ಹಾಡಿನ ಕೀಬೋರ್ಡು. ಆದರೆ ಅದು ಎಷ್ಟೋ ವರ್ಷಗಳ ಹಿಂದೆಯೇ ನಮ್ಮ ದೇವರ ಕೋಣೆಯ ಪಕ್ಕದಲ್ಲಿ ಬಂದು ನೆಲೆಯೂರಿದ್ದನ್ನು ನಾವು ಗಮನಿಸಿಲ್ಲ. ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ ಸರಳೆ ವರಸೆ ಹೇಳಿಸುವ ಮನೆಗಳಲ್ಲಿ ಮೊದಲು ಒತ್ತುವುದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಗುಂಡಿಯನ್ನು. ಅದರೊಳಗೆ ತಂತಿಯಿಲ್ಲ, ತಿದಿಯಿಲ್ಲ, ಕಂಪಿಸಿ ನಾದ ಹುಟ್ಟಿಸುವ ಲೋಹದ ನಾಲಗೆಗಳಿಲ್ಲ. ಇರುವುದು ವಿದ್ಯುತ್ತಿನ ಅಲೆಯನ್ನು ನಾದವಾಗಿಸುವ ಒಂದು ಸರ್ಕ್ಯೂಟು ಮಾತ್ರ. ಅದನ್ನು ಕೇಳುತ್ತ ಬೆಳೆದ ನಮಗೆ ಯಂತ್ರದ ನಾದ ಹೊರಗಿನದೆಂದು ಅನ್ನಿಸಬೇಕಾದ ಕಾರಣವೇ ಇಲ್ಲ.

ಈ ಪೆಟ್ಟಿಗೆಯ ಕಥೆಯಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. 1970ರ ದಶಕದಲ್ಲಿ ಅವರು ರೂಪಿಸತೊಡಗಿದ ಎಲೆಕ್ಟ್ರಾನಿಕ್ ಶ್ರುತಿ ಮತ್ತು ತಂಬೂರಿ ಪೆಟ್ಟಿಗೆಗಳು ಮುಂದೆ ರಾಡೆಲ್ ಎಂಬ ಹೆಸರಿನಲ್ಲಿ ಮನೆಮನೆಗೆ ತಲುಪಿದವು. ನನಗೆ ಆ ಪೆಟ್ಟಿಗೆಯಲ್ಲಿ ಎಂದಿಗೂ ಮುಖ್ಯವೆನಿಸಿರುವುದು ಅದರ ಮೇಲಿನ ಒಂದು ಸಣ್ಣ ತಿರುಗಣೆ. ಶ್ರುತಿಯನ್ನು ಒಂದು ಮನೆಯಿಂದ, ಅಂದರೆ ಒಂದು ಸ್ವರಸ್ಥಾನದಿಂದ, ಇನ್ನೊಂದಕ್ಕೆ ಬದಲಿಸಿದ ಮೇಲೆ ಆ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದರೆ, ಹಾಡುವವರ ಅಂದಿನ ಕಂಠಕ್ಕೋ ಪಕ್ಕವಾದ್ಯಕ್ಕೋ ಸರಿಯಾಗಿ ಕೂರುವವರೆಗೆ ನಾದವನ್ನು ಏರಿಸಿ ಇಳಿಸಬಹುದು. ಎರಡು ಮನೆಗಳ ನಡುವೆ ಬಿದ್ದಿರುವ ಜಾಗವೂ ಸಂಗೀತದ ಜಾಗವೇ ಎಂದು ತಿಳಿದವರು ಮಾತ್ರ ಆ ತಿರುಗಣೆಯನ್ನು ಇಡಲು ಸಾಧ್ಯ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಸಂಗೀತ ಜೋಡಿಸುವ ಯಾವುದೇ ತಂತ್ರಾಂಶವನ್ನು ಮೊದಲ ಬಾರಿ ತೆರೆದರೆ ಖಾಲಿ ಪುಟ ಎದುರಾಗುತ್ತದೆ. ಆದರೆ ಆ ಪುಟ ನಿಜಕ್ಕೂ ಖಾಲಿಯಾಗಿರುವುದಿಲ್ಲ. ನಿಮಿಷಕ್ಕೆ 120 ಬಡಿತಗಳ ಲಯ, ನಾಲ್ಕು ನಾಲ್ಕರ ಎಣಿಕೆ, ಸ್ಥಾಯಿಯನ್ನು, ಅಂದರೆ ಒಂದು ಷಡ್ಜದಿಂದ ಅದರ ಮೇಲಿನ ಷಡ್ಜದವರೆಗಿನ ಹರವನ್ನು, ಹನ್ನೆರಡು ಸಮಪಾಲು ಮಾಡಿದ ಸ್ವರಗಳು, ಇಷ್ಟನ್ನೂ ಯಾರೋ ನಮಗಿಂತ ಮೊದಲೇ ಅಲ್ಲಿ ಬರೆದಿಟ್ಟಿರುತ್ತಾರೆ. ಹವ್ಯಾಸಿಯ ಕೈಯಲ್ಲಿ ಎಲ್ಲ ತುಣುಕುಗಳೂ ಒಂದೇ ಥರ ಕೇಳಿಸುವುದಕ್ಕೆ ಕಾರಣ ಪ್ರತಿಭೆಯ ಕೊರತೆಯೋ ಅಗ್ಗದ ಉಪಕರಣವೋ ಆಗಿರುವುದು ಅಪರೂಪ. ಈ ಮೊದಲ ಹೊಂದಿಕೆಗಳನ್ನು ಪ್ರಶ್ನಿಸದೆ ಒಪ್ಪಿಕೊಂಡದ್ದೇ ಅದಕ್ಕೆ ಕಾರಣವೆಂದು ನಾನು ನಂಬಿದ್ದೇನೆ. ಇಂದಿನ ನನ್ನ ಮಾತೆಲ್ಲ ಆ ಹೊಂದಿಕೆಗಳನ್ನು ಮನೆಯಲ್ಲಿ ಕೂತು ಹೇಗೆ ಬದಲಿಸಿಕೊಳ್ಳಬಹುದು ಎಂಬುದರ ಸುತ್ತಲೇ ಇರುತ್ತದೆ.

ಮೊದಲಿಗೆ ನಾದವನ್ನೇ ತೆಗೆದುಕೊಳ್ಳೋಣ. ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯವಾದ ಸಿಂಥಸೈಜರನ್ನು ಬಳಸುವವರೆಲ್ಲ ಸೈನ್, ಚೌಕ, ಗರಗಸದ ಹಲ್ಲು ಎಂಬ ಅಲೆಗಳ ಹೆಸರು ಕೇಳಿರುತ್ತಾರೆ. ಸೈನ್ ಅಲೆಯಲ್ಲಿ ಒಂದೇ ಕಂಪನ. ಚೌಕದ ಅಲೆಯಲ್ಲಿ ಮೂಲದ ಜೊತೆಗೆ ಅದರ ಮೂರು, ಐದು, ಏಳರಷ್ಟಾಗುವ ಬೆಸಸಂಖ್ಯೆಯ ಕಂಪನಗಳು. ಗರಗಸದ ಅಲೆಯಲ್ಲಿ ಎಲ್ಲವೂ. ಇವುಗಳನ್ನು ಸೋಸಿ, ಏರಿಳಿಸಿ ನಾದ ಮಾಡುವ ಕ್ರಮವನ್ನು ಎಲ್ಲ ಪಾಠಗಳಲ್ಲೂ ಹೇಳಿಕೊಡುತ್ತಾರೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ನಾನು ತೋರಿಸಬೇಕೆಂದಿರುವುದು ಇನ್ನೊಂದು ದಾರಿಯನ್ನು. 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಪ್ರಕಟಿಸಿದ ಈ ವಿಧಾನವನ್ನು ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮಿನಲ್ಲಿ ಬರೆಯಬಹುದು. ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ ಪೆಟ್ಟಿಗೆಗಳನ್ನು ಎಳೆದು ಜೋಡಿಸಿಯೂ ಮಾಡಬಹುದು. ಮೀಟಿದ ತಂತಿಯ ನಾದವನ್ನು ಹುಟ್ಟಿಸುವ ವಿಧಾನವಿದು.

ಕಂಪ್ಯೂಟರು ಒಂದು ಸೆಕೆಂಡಿನ ಧ್ವನಿಯನ್ನು ಸಾಮಾನ್ಯವಾಗಿ 44,100 ಅಂಕಿಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಈಗ ಸಾಲಾಗಿ 337 ಮನೆಗಳನ್ನು ಕಲ್ಪಿಸಿಕೊಳ್ಳಿ. ಪ್ರತಿ ಮನೆಗೂ ಬಾಯಿಗೆ ಬಂದ ಒಂದೊಂದು ಅಂಕಿ ತುಂಬಿ. ಇದರಲ್ಲಿ ಕ್ರಮವೇನೂ ಇಲ್ಲ, ಆದ್ದರಿಂದ ಒಂದು ಸಲ ಓದಿದರೆ ಕೇಳುವುದು ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ಒಂದು ಚುಂಯ್ ಸದ್ದು ಮಾತ್ರ. ಆದರೆ ಪ್ರತಿ ಮನೆಯನ್ನು ಓದಿದ ಕೂಡಲೇ ಅದರ ಅಂಕಿಯನ್ನೂ ಪಕ್ಕದ ಮನೆಯ ಅಂಕಿಯನ್ನೂ ಕೂಡಿಸಿ, ಅರ್ಧ ಮಾಡಿ, ಆ ಮನೆಗೆ ಮರಳಿ ತುಂಬುತ್ತ ಹೋಗಬೇಕು. ಸಾಲು ಮುಗಿದ ಮೇಲೆ ಮೊದಲಿನಿಂದ ಮತ್ತೆ ಓದಬೇಕು. 44,100ನ್ನು 337ರಿಂದ ಭಾಗಿಸಿದರೆ ಸುಮಾರು 131. ಅಂದರೆ ಈ ಸಾಲು ಸೆಕೆಂಡಿಗೆ ಸುಮಾರು 131 ಸುತ್ತು ಹಾಕುತ್ತದೆ, ಮತ್ತು ಕಿವಿ ಅದನ್ನು ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಒಂದರ ಷಡ್ಜವೆಂದು ಗುರುತಿಸುತ್ತದೆ. ಪ್ರತಿ ಸುತ್ತಿನಲ್ಲೂ ಸರಾಸರಿ ಮಾಡುವುದರಿಂದ ಅಂಕಿಗಳ ಮೊನಚು ಸವೆಯುತ್ತದೆ. ಮೇಲಿನ ಕಂಪನಗಳು ಬೇಗ ಅಡಗಿ, ಕೆಳಗಿನವು ನಿಧಾನವಾಗಿ ಆರುತ್ತವೆ. ಮೀಟಿದ ತಂತಿಯಲ್ಲಿ ಆಗುವುದೂ ಇದೇ.

ಇಲ್ಲಿಂದ ತಂಬೂರಿಗೆ ಒಂದೇ ಹೆಜ್ಜೆ. ಷಡ್ಜ ನುಡಿಯುವ ಸಾರಣಿಯ ಎರಡು ತಂತಿಗಳಿಗೆ 337 ಮನೆ, ಕೆಳಗಿನ ಪಂಚಮಕ್ಕೆ ಅದರ ಮೂರರಲ್ಲಿ ನಾಲ್ಕು ಪಾಲು, ಅಂದರೆ 449 ಮನೆ, ಮಂದ್ರ ಷಡ್ಜಕ್ಕೆ ಇಮ್ಮಡಿ, 674 ಮನೆ. ಪ, ಸ, ಸ, ಸ ಎಂದು ನಿಧಾನವಾಗಿ ಮೀಟಿಸಿದರೆ ಕೋಣೆ ತುಂಬಿಕೊಳ್ಳುತ್ತದೆ. ಆದರೂ ಇದು ಪೂರ್ತಿ ತಂಬೂರಿಯಂತೆ ಕೇಳಿಸುವುದಿಲ್ಲ, ಮತ್ತು ಏಕೆ ಕೇಳಿಸುವುದಿಲ್ಲ ಎಂಬುದನ್ನು ಸರ್ ಸಿ.ವಿ. ರಾಮನ್ ಅವರು 1921ರ ಒಂದು ಲೇಖನದಲ್ಲಿಯೇ ಚರ್ಚಿಸಿದ್ದಾರೆ. ತಂಬೂರಿಯಲ್ಲಿ ತಂತಿಗಳು ಹಾಯ್ದುಹೋಗುವ ಕುದುರೆ ಚಪ್ಪಟೆಯಾಗಿ ಅಗಲವಾಗಿದ್ದು ಸಣ್ಣದಾಗಿ ಬಾಗಿರುತ್ತದೆ. ತಂತಿಯ ಕೆಳಗೆ ನೂಲಿನ ಎಳೆಯನ್ನು ಸರಿಸಿ ಜೀವ, ಅಂದರೆ ಝೇಂಕಾರ, ಕೂರಿಸುತ್ತಾರೆ. ತಂತಿ ಆ ಬಾಗಿಗೆ ತಾಗುತ್ತ ಬಿಡುತ್ತ ಕಂಪಿಸುವುದರಿಂದ, ಸಾಮಾನ್ಯ ತಂತಿಯಲ್ಲಿ ಹುಟ್ಟಲಾರದ ಕಂಪನಗಳೂ ಇಲ್ಲಿ ಬಲವಾಗಿ ಹುಟ್ಟುತ್ತವೆ. ನನ್ನ ಪ್ರೋಗ್ರಾಮಿನಲ್ಲಿ ಆ ಜೀವ ಕೂರಿಸಲು ನಾನು ಹಲವು ರಾತ್ರಿಗಳನ್ನು ಕಳೆದಿದ್ದೇನೆ, ಇನ್ನೂ ಪೂರ್ತಿ ಕೂತಿಲ್ಲ. ಆದರೆ ಆ ರಾತ್ರಿಗಳಲ್ಲಿ ನಾನು ತಂಬೂರಿಯನ್ನು ಕೇಳಿದಷ್ಟು ಗಮನವಿಟ್ಟು ಅದಕ್ಕೆ ಮೊದಲು ಎಂದೂ ಕೇಳಿರಲಿಲ್ಲ.

ಹೀಗೆ ಕೇಳುತ್ತಿದ್ದಾಗ ಶ್ರುತಿಯ ಪ್ರಶ್ನೆ ತಾನಾಗಿಯೇ ಎದುರಾಯಿತು. ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 65.4 ಸಲ ಕಂಪಿಸಿದರೆ, ಅದರೊಳಗೆ ಐದರಷ್ಟು, ಅಂದರೆ 327ರ ಕಂಪನವೂ ಅಡಗಿರುತ್ತದೆ. ಸುಮ್ಮನೆ ಕೂತು ಕೇಳಿದರೆ ತಂಬೂರಿಯಿಂದ ತಾನೇ ಎದ್ದು ಬರುವ ಅಂತರ ಗಾಂಧಾರ ಅದು. ನಮ್ಮವರು ಸ್ವಯಂಭೂ ಎನ್ನುವುದು ಅದನ್ನೇ. ಈಗ ಸಿಂಥಸೈಜರಿನಲ್ಲಿ ಅದೇ ಗಾಂಧಾರದ ಕೀಲಿ ಒತ್ತಿದರೆ, ಸ್ಥಾಯಿಯನ್ನು ಸಮಪಾಲು ಮಾಡಿದ ಲೆಕ್ಕದಲ್ಲಿ ಅದು ಅದೇ ಎತ್ತರದಲ್ಲಿ 329.6 ಆಗಿರುತ್ತದೆ. ಎರಡರ ನಡುವಿನ ಅಂತರ ಎರಡೂವರೆಗಿಂತ ತುಸು ಹೆಚ್ಚು, ಆದ್ದರಿಂದ ಎರಡೂ ಸೇರಿದಾಗ ಸೆಕೆಂಡಿಗೆ ಎರಡೂವರೆ ಸಲದಷ್ಟು ವೇಗದಲ್ಲಿ ನಾದ ಉಬ್ಬಿ ಕುಗ್ಗುತ್ತದೆ. ಸಭೆಯಲ್ಲಿ ಇದನ್ನು ಕೇಳಿಸಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಸಂಗೀತದ ಮೇಷ್ಟ್ರೊಬ್ಬರು ಮುಖ ಕಿವಿಚಿದರು. ಗಾಂಧಾರವನ್ನು 14 ಸೆಂಟು ಕೆಳಗಿಳಿಸಿದ ಕೂಡಲೇ ಅಲೆ ನಿಂತು ಅವರ ಮುಖವೂ ಸಡಿಲವಾಯಿತು. ಅರ್ಧಸ್ವರದ, ಅಂದರೆ ಸ್ಥಾಯಿಯ ಹನ್ನೆರಡು ಸಮಪಾಲುಗಳಲ್ಲಿ ಒಂದರ, ನೂರನೇ ಒಂದು ಭಾಗಕ್ಕೆ ಸೆಂಟು ಎಂದು ಹೆಸರು.

ಈ ಕಿರಿಕಿರಿ ಹೊಸದಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಬಾನುಲಿಯಿಂದ ಹೊರಗಿಟ್ಟು ಮೂವತ್ತು ವರ್ಷಗಳಷ್ಟು ಕಾಲ ಒಳಗೆ ಬಿಟ್ಟುಕೊಳ್ಳದಿದ್ದದ್ದಕ್ಕೆ ಇದೇ ಸಮಪಾಲಿನ ಸ್ವರಗಳೂ ಸ್ವರವನ್ನು ಓಲಾಡಿಸುವ ಗಮಕಕ್ಕೆ ಒಗ್ಗದ ಕೀಲಿಗಳೂ ಕಾರಣವಾಗಿದ್ದವು. ಹಾರ್ಮೋನಿಯಂನ ನಾಲಗೆಯನ್ನು ಅರದಿಂದ ಉಜ್ಜಿ ಶ್ರುತಿ ಬದಲಿಸಲು ಕಸುಬುದಾರರೇ ಬೇಕು. ಕಂಪ್ಯೂಟರಿನಲ್ಲಿ ಅದು ಒಂದು ನಿಮಿಷದ ಕೆಲಸ. ಸರ್ಜ್‌ನಂಥ ಉಚಿತ ಸಿಂಥಸೈಜರುಗಳು ಸ್ಕಾಲಾ ಎಂಬ ಸರಳ ಪಠ್ಯಕಡತವನ್ನು ಓದುತ್ತವೆ. ಅದರಲ್ಲಿ ಷಡ್ಜದಿಂದ ಪ್ರತಿ ಸ್ವರಕ್ಕೆ ಇರಬೇಕಾದ ಪ್ರಮಾಣವನ್ನು, ಗಾಂಧಾರಕ್ಕೆ 5/4, ಪಂಚಮಕ್ಕೆ 3/2 ಎಂಬಂತೆ, ಸಾಲು ಸಾಲಾಗಿ ಬರೆದರೆ ಸಾಕು. ಹಾರ್ಮೋನಿಯಂ ಬೇಕೋ ಬೇಡವೋ ಎಂದು ಅಷ್ಟು ವರ್ಷ ವಾದ ಮಾಡಿದ ದೇಶದಲ್ಲಿ, ಆ ವಾದಕ್ಕೆ ಪರಿಹಾರ ಕೊಡಬಲ್ಲ ಉಪಕರಣ ಕೈಯಲ್ಲಿದ್ದೂ ನಾವು ಅದರ ಆ ಪುಟವನ್ನು ತೆರೆದೇ ನೋಡುವುದಿಲ್ಲ ಎಂಬುದು ನನಗೆ ನಿಜವಾಗಿ ನೋವುಂಟುಮಾಡುತ್ತದೆ.

ಗಮಕದ ವಿಷಯ ಇನ್ನೂ ಸೂಕ್ಷ್ಮ. ಮಿಡಿ ಎಂಬ, 1983ರಲ್ಲಿ ಬಂದ ಒಪ್ಪಂದದ ಭಾಷೆಯಲ್ಲಿ ವಾದ್ಯಗಳು ಒಂದಕ್ಕೊಂದು ಮಾತಾಡುತ್ತವೆ. ಯಾವ ಕೀಲಿ, ಎಷ್ಟು ಬಲ ಎಂಬುದನ್ನು 0ಯಿಂದ 127ರವರೆಗಿನ ಅಂಕಿಗಳಲ್ಲಿ ಅದು ಹೇಳುತ್ತದೆ. ಸ್ವರವನ್ನು ಬಾಗಿಸುವುದಕ್ಕೆ ಮಾತ್ರ 16,384 ಮೆಟ್ಟಿಲುಗಳ ಉದಾರತೆ ತೋರಿಸಿ, ಸಾಮಾನ್ಯವಾಗಿ ಎರಡು ಅರ್ಧಸ್ವರ ಮೇಲೆ, ಎರಡು ಅರ್ಧಸ್ವರ ಕೆಳಗೆ ಎಂದು ಎಲ್ಲೆ ಹಾಕಿರುತ್ತದೆ. ತೋಡಿ ರಾಗದ ಗಾಂಧಾರಕ್ಕೆ ಈ ಎಲ್ಲೆ ಸರಿಯಾಗಿ ಸಾಕಾಗುತ್ತದೆ, ಏಕೆಂದರೆ ಸಾಧಾರಣ ಗಾಂಧಾರದಿಂದ ಶುದ್ಧ ರಿಷಭ ಎರಡು ಅರ್ಧಸ್ವರ ಕೆಳಗಿದೆ, ಶುದ್ಧ ಮಧ್ಯಮ ಎರಡು ಅರ್ಧಸ್ವರ ಮೇಲಿದೆ, ಅವೆರಡರ ನಡುವೆ ಓಲಾಡುವುದೇ ಆ ಗಾಂಧಾರದ ಸ್ವಭಾವ. ಆದರೆ ಷಡ್ಜದಿಂದ ಪಂಚಮಕ್ಕೆ ಜಾರಬೇಕೆಂದರೆ ಎಲ್ಲೆಯನ್ನು ಏಳು ಅರ್ಧಸ್ವರಕ್ಕಾದರೂ ಹಿಗ್ಗಿಸಿಕೊಳ್ಳಬೇಕು. ಯಂತ್ರವೇ ಕೊಡುವ ಒಂದೇ ಸಮನಾದ ಅಲುಗಾಟವನ್ನು ಗಮಕವೆಂದು ಬಗೆದರೆ ಮಾತ್ರ ಮೋಸಹೋಗುತ್ತೇವೆ. ಹಾಡುವವರ ಗಮಕ ಒಂದು ಕಡೆ ತಂಗುತ್ತದೆ, ಇನ್ನೊಂದು ಕಡೆ ತಟ್ಟಿ ಬರುತ್ತದೆ, ಎರಡನೆಯ ಓಲಾಟ ಮೊದಲನೆಯದಕ್ಕಿಂತ ಕಿರಿದಾಗಿರುತ್ತದೆ.

ಇದನ್ನು ಕಣ್ಣಿನಿಂದ ನೋಡುವ ಒಂದು ಉಪಾಯವಿದೆ. ಪ್ರಾಟ್ ಎಂಬ ಉಚಿತ ತಂತ್ರಾಂಶವನ್ನು ಭಾಷಾವಿಜ್ಞಾನಿಗಳು ಮಾತಿನ ಏರಿಳಿತ ಅಳೆಯಲು ಬಳಸುತ್ತಾರೆ. ಪಕ್ಕವಾದ್ಯವಿಲ್ಲದೆ ಒಬ್ಬರೇ ಹಾಡಿದ ಧ್ವನಿಯನ್ನು ಅದಕ್ಕೆ ಕೊಟ್ಟರೆ ಸ್ವರದ ಹಾದಿಯನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ನಾನು ನನ್ನ ಸೋದರತ್ತೆ ಅಡುಗೆಮನೆಯಲ್ಲಿ ಗುನುಗುತ್ತಿದ್ದ ದೇವರನಾಮದ ಒಂದು ಸಾಲನ್ನು, ಅವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ಹಿಡಿದು ಹೀಗೆ ನೋಡಿದೆ. ಸಂಗೀತ ಕಲಿಯದವರೆಂದು ಮನೆಯವರೆಲ್ಲ ತಿಳಿದಿದ್ದ ಅವರ ಗೆರೆಯಲ್ಲಿ, ಸಾಲಿನ ಕೊನೆಯ ನಿಷಾದದಿಂದ ಷಡ್ಜಕ್ಕೆ ಏರುವಾಗ, ಷಡ್ಜವನ್ನು ಮುಟ್ಟಿ, ಒಂದಿಷ್ಟು ಕೆಳಗಿಳಿದು, ಮತ್ತೆ ಮೇಲೇರಿ ನಿಲ್ಲುವ ಒಂದು ಬಾಗು ಪ್ರತಿ ಸಲವೂ ಇತ್ತು. ಆ ಬಾಗನ್ನು ಸಿಂಥಸೈಜರಿಗೆ ಬರೆದುಕೊಟ್ಟ ದಿನ ಅತ್ತೆ ಕೇಳಿ, "ಇದು ನಮ್ಮಮ್ಮ ಹೇಳ್ತಿದ್ದ ಹಾಗಿದೆ ಕಣೋ" ಎಂದರು.

ತಾಳದ ಕಡೆಗೆ ಬರೋಣ. 1980ರಲ್ಲಿ ಬಂದ ಟಿಆರ್-808 ಎಂಬ ತಾಳಯಂತ್ರದ ಮುಂಭಾಗದಲ್ಲಿ ಸಾಲಾಗಿ ಹದಿನಾರು ಗುಂಡಿಗಳಿದ್ದವು, ಅದರ ನೆರಳು ಇಂದಿನ ತಂತ್ರಾಂಶಗಳ ಮೇಲೂ ಇದೆ. ಎಂಟು ಎಣಿಕೆಯ ಆದಿತಾಳಕ್ಕೆ, ಎಣಿಕೆಗೆ ನಾಲ್ಕು ಮಾತ್ರೆ ಬರುವ ಚತುರಶ್ರ ನಡೆಯಲ್ಲಿ, 32 ಮಾತ್ರೆ, ಹದಿನಾರರ ಎರಡು ಸಾಲು, ತೊಂದರೆಯಿಲ್ಲ. ಏಳು ಎಣಿಕೆಯ ಮಿಶ್ರ ಛಾಪಿಗೆ ಸಾಲನ್ನು ಹದಿನಾಲ್ಕಕ್ಕೆ ಕತ್ತರಿಸಿದರಾಯಿತು. ಬಹುಪಾಲು ತಂತ್ರಾಂಶಗಳು ಇದಕ್ಕೆ ಅವಕಾಶ ಕೊಡುತ್ತವೆ. ಆದರೆ ನಮ್ಮ ಲಯದ ಸೊಗಸಿರುವುದು ಮುಕ್ತಾಯದ ಲೆಕ್ಕದಲ್ಲಿ. "ತ ದಿ ಗಿ ಣ ತೊಂ" ಎಂಬ ಐದು ಮಾತ್ರೆಯ ಜತಿಯನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಬಿಡುವಿಟ್ಟು ಹೇಳಿದರೆ ಹತ್ತೊಂಬತ್ತು ಮಾತ್ರೆ. ಮುಗಿದ ಕೂಡಲೇ ಸಮ, ಅಂದರೆ ತಾಳದ ಮೊದಲ ಪೆಟ್ಟು, ಬರಬೇಕಾದರೆ ಆದಿತಾಳದ ಆವರ್ತದ ಹದಿನಾಲ್ಕನೇ ಮಾತ್ರೆಯಲ್ಲಿ, ಅಂದರೆ ನಾಲ್ಕನೇ ಎಣಿಕೆಯ ಎರಡನೇ ಮಾತ್ರೆಯಲ್ಲಿ ಎತ್ತಿಕೊಳ್ಳಬೇಕು. ಪರದೆಯ ಮೇಲಿನ ಚೌಕಗಳಲ್ಲಿ ಇದನ್ನು ತುಂಬಿದರೆ ಗೆರೆಗಳಿಗೆ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಕಿವಿಗೆ ಮಾತ್ರ ಮನೆಗೆ ಮರಳಿದ ಹಾಗಾಗುತ್ತದೆ. ಪರದೆಯ ಗೆರೆಗಳಿಗಿಂತ ಕೈಬೆರಳಿನ ಎಣಿಕೆಯನ್ನು ನಂಬಿ ಎಂದು ಹೊಸದಾಗಿ ಶುರುಮಾಡುವವರಿಗೆ ಹೇಳುತ್ತಿರುತ್ತೇನೆ.

ಯಂತ್ರವನ್ನು ಹೀಗೆ ತನ್ನ ಕಡೆಗೆ ಬಾಗಿಸಿಕೊಂಡವರಿಗೆ ನಮ್ಮ ದೇಶದಲ್ಲಿ ಒಳ್ಳೆಯ ನಿದರ್ಶನಗಳಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಮೂಗ್ ಸಿಂಥಸೈಜರನ್ನು ಒಳಗೊಂಡ ಧ್ವನಿಶಾಲೆಯನ್ನು ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಮೊದಲಾದವರು ಅಲ್ಲಿ ಟೇಪಿನ ಮೇಲೆ ಕೃತಿಗಳನ್ನು ರಚಿಸಿದರು, ಆಮೇಲೆ ಅವು ಎಷ್ಟೋ ಕಾಲ ಕಪಾಟಿನಲ್ಲಿಯೇ ಉಳಿದವು. ಮುಂಬೈಯ ಚರಣ್‌ಜಿತ್ ಸಿಂಗ್ ಸಿನಿಮಾ ವಾದ್ಯವೃಂದದ ವಾದಕರಾಗಿದ್ದರು. 1982ರಲ್ಲಿ ಅವರು ಹತ್ತು ರಾಗಗಳನ್ನು ತಾಳಯಂತ್ರ ಮತ್ತು ಸಿಂಥಸೈಜರುಗಳಲ್ಲಿ ನುಡಿಸಿ ಮುದ್ರಿಸಿದರು. ಅವರು ಬಳಸಿದ ಟಿಬಿ-303 ಎಂಬ ಸಣ್ಣ ಪೆಟ್ಟಿಗೆಯನ್ನು ತಯಾರಕರು ರೂಪಿಸಿದ್ದು ಗಿಟಾರ್ ವಾದಕರಿಗೆ ಬೇಸ್ ಜೊತೆಗಾರಿಕೆ ಕೊಡಲೆಂದು. ಸ್ವರದಿಂದ ಸ್ವರಕ್ಕೆ ಜಾರುವ ಅದರ ಗುಣ ರಾಗಕ್ಕೆ ಒದಗೀತೆಂದು ಅದರ ಕೈಪಿಡಿಯಲ್ಲಿ ಯಾರೂ ಬರೆದಿರಲಿಲ್ಲ, ಅವರ ಕಿವಿ ಅದನ್ನು ಕಂಡುಕೊಂಡಿತು. ಆ ಮುದ್ರಿಕೆ 2010ರಲ್ಲಿ ಮತ್ತೆ ಹೊರಬಂದಾಗಲೇ ಜಗತ್ತು ಅವರನ್ನು ಗುರುತಿಸಿದ್ದು.

ಮನೆಯಲ್ಲೇ ಮಾಡುವುದೆಂದಾಗ ನನಗೆ ಮೈಸೂರಿನ ಒಂದು ಮನೆ ನೆನಪಾಗದೆ ಇರುವುದಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ವಿಠಲ ವಿಹಾರದಿಂದ ಸಣ್ಣ ಪ್ರಸಾರಯಂತ್ರವೊಂದರಿಂದ ಬಾನುಲಿ ಶುರುಮಾಡಿದರು, ಆ ಕೇಂದ್ರಕ್ಕೆ ಬಂದ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ಪಡೆಯಿತು. ಹವ್ಯಾಸಿ ಎಂಬ ಮಾತನ್ನು ನಾವು ರಂಗಭೂಮಿಯಲ್ಲಿ, ಯಕ್ಷಗಾನದಲ್ಲಿ ಗೌರವದಿಂದಲೇ ಬಳಸುತ್ತೇವೆ. ಹಗಲಿಡೀ ಬೇರೆ ಕೆಲಸ ಮಾಡಿ ರಾತ್ರಿ ಚಾವಡಿಯಲ್ಲಿ ತಾಳಮದ್ದಳೆಗೆ ಕೂರುವವರನ್ನು ಅರೆಬರೆಯವರೆಂದು ಯಾರೂ ಹೇಳುವುದಿಲ್ಲ. ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂತವರಿಗೂ ಅದೇ ಗೌರವ ಸಲ್ಲಬೇಕು.

ಮನೆಯ ಸದ್ದುಗಳನ್ನೇ ಸಂಗೀತಕ್ಕೆ ತೆಗೆದುಕೊಳ್ಳುವುದರ ಬಗ್ಗೆಯೂ ಎರಡು ಮಾತು. ಪ್ಯಾರಿಸಿನ ಬಾನುಲಿಯಲ್ಲಿದ್ದ ಪಿಯೆರ್ ಶೆಫೆರ್ 1948ರಲ್ಲಿ ರೈಲಿನ ಸದ್ದನ್ನು ಮುದ್ರಿಸಿ, ಕತ್ತರಿಸಿ, ಜೋಡಿಸಿ ಕೃತಿ ಮಾಡಿದರು. ನಮ್ಮ ಮನೆಯಲ್ಲಿ ಮಜ್ಜಿಗೆ ಕಡೆಯುವ ಕಡೆಗೋಲು, ಹಂಚಿನ ಮೇಲೆ ಬೀಳುವ ಮಳೆ, ಕುಕ್ಕರಿನ ಸೀಟಿ, ಇವೆಲ್ಲ ಮೊಬೈಲಿಗೆ ಸಿಗುವ ಸದ್ದುಗಳು. ರೆಡ್ ಆಕ್ಸೈಡ್ ನೆಲದ ಬರಿಗೋಡೆಯ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ದನಿ ಗೋಡೆಯಿಂದ ಗೋಡೆಗೆ ಹಾರುತ್ತದೆ; ಸೀರೆಗಳು ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರಲ್ಲಿ ಮುದ್ರಿಸಿದರೆ ಆ ಮರುದನಿ ಬಹುಮಟ್ಟಿಗೆ ಅಡಗುತ್ತದೆ. ಧ್ವನಿ ಹೀರುವ ಹಲಗೆಗಳಿಗೆ ಹಣ ಹಾಕುವ ಮೊದಲು ಇದನ್ನು ಮಾಡಿ ನೋಡಬೇಕು. ನನಗೆ ಮೊದಮೊದಲು ಬಹಳ ಕಾಡಿದ್ದು ಮುದ್ರಣದೊಳಗೆ ನುಸುಳುವ ವಿದ್ಯುತ್ತಿನ ಗುಂಯ್ ಸದ್ದು. ಎಷ್ಟೋ ತುಣುಕುಗಳನ್ನು ಅದರಿಂದಾಗಿ ಅಳಿಸಿಹಾಕಿದೆ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು, ಕಂಪ್ಯೂಟರಿಲ್ಲದೆ ಮೊಬೈಲೊಂದರಲ್ಲೇ ಆಗುತ್ತದೆಯೇ ಎಂಬುದು. ಆಗುತ್ತದೆ, ತಂತಿಯ ಇಯರ್‌ಫೋನು ಮಾತ್ರ ಬೇಕು. ಬ್ಲೂಟೂತಿನಲ್ಲಿ ಬೆರಳು ಒತ್ತಿದ್ದಕ್ಕೂ ನಾದ ಕೇಳುವುದಕ್ಕೂ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬೀಳುತ್ತದೆ, ಆ ಅಂತರದಲ್ಲಿ ತಾಳ ಹಾಕುವುದು ಕಷ್ಟ.

ಎರಡನೆಯ ಪ್ರಶ್ನೆ ಕೇಳಿದ್ದು ಪಿಯುಸಿ ಓದುವ ಒಬ್ಬ ಹುಡುಗಿ. ಅವಳ ಮನೆಯಲ್ಲಿ ದೋಸೆಹಿಟ್ಟು ರುಬ್ಬಿ ಮಾರುತ್ತಾರೆ. ಗ್ರೈಂಡರು ದಿನವಿಡೀ ತಿರುಗುವುದರಿಂದ ಏನನ್ನು ಮುದ್ರಿಸಿದರೂ ಅದರ ಗುಂಗು ಬರುತ್ತದೆ, ಏನು ಮಾಡಲಿ ಎಂದಳು. ಅವಳ ಮೊಬೈಲಿನಲ್ಲಿದ್ದ ತುಣುಕನ್ನು ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿಕೊಂಡು ಅಳೆದೆವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುವುದರಿಂದ ಮೋಟಾರು ಅದರ ಇಮ್ಮಡಿಯಲ್ಲಿ, 100ರ ಆಸುಪಾಸಿನಲ್ಲಿ ಗುನುಗುತ್ತಿತ್ತು. ಹಾರ್ಮೋನಿಯಂನಲ್ಲಿ ಆ ಸ್ವರಕ್ಕೆ ಮನೆಯಿಲ್ಲ. ಬಿಳಿ ಐದಕ್ಕಿಂತ ಮೂವತ್ತೈದು ಸೆಂಟು ಮೇಲೆ, ಕಪ್ಪು ನಾಲ್ಕಕ್ಕಿಂತ ಕೆಳಗೆ ಅದು ನಿಲ್ಲುತ್ತದೆ. ತಂಬೂರಿಯ ಪ್ರೋಗ್ರಾಮಿನಲ್ಲಿ 44,100ನ್ನು 100ರಿಂದ ಭಾಗಿಸಿದೆವು. ಷಡ್ಜಕ್ಕೆ 441 ಮನೆ, ಪಂಚಮಕ್ಕೆ 588, ಮಂದ್ರಕ್ಕೆ 882, ಒಂದರಲ್ಲೂ ಚೂರು ಶೇಷ ಉಳಿಯಲಿಲ್ಲ. ಗ್ರೈಂಡರಿನ ಸದ್ದಿನ ಮೇಲೆ ಆ ತಂಬೂರಿಯನ್ನು ಮೀಟಿಸಿದಾಗ ಯಾವುದು ಮೋಟಾರು, ಯಾವುದು ತಂತಿ ಎಂದು ತಿಳಿಯದಷ್ಟು ಎರಡೂ ಒಂದರೊಳಗೊಂದು ಬೆರೆತವು. ಮುಖ ಕಿವಿಚಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಆ ಶ್ರುತಿಗೆ ಷಡ್ಜ ಹಿಡಿದರು, ಹುಡುಗಿ ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡಳು.